ಮೈತ್ರಿ ಅಂದ್ರೆ ನೀನೇನಾ?

“ಪಾವಗಡಕ್ಕೆ ಹೆಂಗೆ ಹೋಗೋದಣ್ಣ?”

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ದಾಟಿ ಎಲ್ಲೋ ದಾರಿ ತಪ್ಪಿದ್ದೆವು. ಕಟ್ಟೆಯ ಮೇಲಿದ್ದವರು ಉತ್ತರ ಕೊಡುವ ಮೊದಲೇ, ಜನ ಸಿಕ್ಕರಲ್ಲ ಎಂದು ಜೀಪಿನ ಮೈಕು ಹಿಡಿದು ದೇಶ, ದಿಲ್ಲಿ, ಸುಭದ್ರ ಸರ್ಕಾರ ಎಲ್ಲವನ್ನೂ ಹೇಳಿ ಮುಗಿಸಿದೆ. ಚಪ್ಪಾಳೆಯೂ ಬಿತ್ತು. ಒಬ್ಬರು ಎದ್ದು, “ಬಾಗ ಚೆಪ್ಪಾರಮ್ಮ, ಚೆನ್ನಾಗಿ ಹೇಳಿದ್ರಿ. ಆದ್ರೆ ಇದು ಆಂಧ್ರ. ಓಟು ಹಾಕೋಕಾಗಲ್ಲ, ದಾರಿ ಬೇಕಾದ್ರೆ ತೋರಿಸ್ತೀವಿ” ಎಂದರು.

ಚುನಾವಣೆ ಬಂತೆಂದರೆ ನನಗೆ ಇಂಥದ್ದು ತಪ್ಪಿದ್ದಲ್ಲ. ಗುಡಿ, ಮನೆ, ಹಿರಿಯರ ಪದ್ಧತಿ ಎನ್ನುವ ಪಕ್ಷ ನಮ್ಮದು. ಅದನ್ನು ಸಾರುವ ಮೈಕು ಮಾತ್ರ ಕಾಶಿಯಿಂದ ಗುವಾಹಟಿವರೆಗೆ ಅಲೆದು, ಮನೆಯಲ್ಲಿ ಕಾಲು ನಿಲ್ಲದ ನನ್ನ ಕೈಯಲ್ಲಿ. ಈ ಸಲ ಜಿಲ್ಲೆಯ ಹಿರಿಯರು ಷರತ್ತು ಹಾಕಿದ್ದರು. ಪಾವಗಡದ ರಾಯಚರ್ಲು ಕಡೆಯ ಒಂದು ಹಳ್ಳಿಯಲ್ಲಿ ನಮಗೆ ಎಂದೂ ಲೀಡ್ ಬಂದಿಲ್ಲ. ಅಲ್ಲಿ ತಂದರೆ ಮುಂದೆಯೂ ಮೈಕು ನನ್ನದು, ಇಲ್ಲವಾದರೆ ಮನೆಯಲ್ಲಿ ಕೂರಬೇಕು.

ಕೊರಟಗೆರೆಯ ಭಾಷಣ

ಈ ಸಲ ನಮ್ಮದು ಮೈತ್ರಿ. ನಿನ್ನೆಯ ಎದುರಾಳಿ ಪಕ್ಷ ಇಂದು ನಮ್ಮ ಜೊತೆ. ಕೊರಟಗೆರೆಯ ನಮ್ಮ ಮುಖಂಡರಿಗೆ ಹಳೆಯ ಭಾಷಣವೇ ಬಾಯಿಪಾಠ. “ಆ ಮನುಷ್ಯನಿಂದ ತಾಲ್ಲೂಕಿಗೆ ಮೂರು ಕಾಸಿನ ಉಪಯೋಗವಿಲ್ಲ” ಎಂದು ಗುಡುಗಿದರು. ನಿನ್ನೆಯ ಎದುರಾಳಿಯಾದ ಆ ಮನುಷ್ಯ ಈಗ ವೇದಿಕೆಯಲ್ಲೇ ನಮ್ಮ ಶಾಲು ಹೊದ್ದು ಕೂತಿದ್ದ. ಮುಖಂಡರು ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು: “ಅಂತ ಜನ ಹೇಳ್ತಿದ್ರು. ನಾನು ನಂಬಿರಲಿಲ್ಲ.”

ಶಿರಾದಲ್ಲಿ ಬರಾಬರ್

ಮಧುಗಿರಿ, ಕೊರಟಗೆರೆ ಒಂದು ಲೋಕಸಭಾ ಕ್ಷೇತ್ರ. ಶಿರಾ, ಪಾವಗಡ ಇನ್ನೊಂದು. ಅದನ್ನು ಮರೆತು ಶಿರಾದಲ್ಲಿ ಮಧುಗಿರಿಯ ಅಭ್ಯರ್ಥಿಯನ್ನು ಅರ್ಧ ಗಂಟೆ ಹೊಗಳಿದೆ. ಟೀ ಅಂಗಡಿಯವರು ಲೋಟ ಕೊಡುತ್ತಾ, “ಮೇಡಂ, ಅವ್ರು ಇಲ್ಲಿ ನಿಂತೇ ಇಲ್ಲ” ಎಂದರು.

“ಪಕ್ಷ ಒಂದೇ ಅಲ್ವಾ?”

“ಫರಕ್ ಇಲ್ಲ ಬುಡಿ. ನಮ್ಮೋರನ್ನ ಮಧುಗಿರೀಲಿ ಹೊಗಳ್ಬುಡಿ, ಬರಾಬರ್ ಆಯ್ತದೆ.”

ಪಾವಗಡದ ಸಾಲ

ಕೊನೆಗೆ ಆ ಹಳ್ಳಿ ಮುಟ್ಟಿದೆ. “ಮೈತ್ರಿ ಅಭ್ಯರ್ಥಿಗೆ ಓಟು ಹಾಕಿ” ಎಂದದ್ದೇ ತಡ, ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು.

“ಹೆಂಗಸು ನಿಂತವ್ಳಾ? ಗಂಡಸ್ರಿಗೆ ಹಾಕಿ ಹಾಕಿ ಸಾಕಾಗೈತೆ. ಮೈತ್ರಿ ಅಂದ್ರೆ ನೀನೇನಾ?”

“ಅಲ್ಲಜ್ಜಿ, ಎರಡು ಪಕ್ಷ ಒಂದಾಗಿರೋದಕ್ಕೆ ಹಂಗಂತಾರೆ.”

“ಓ, ಕೂಡಿಕೆ ಮದ್ವೆ ಸಂಬಂಧ. ಆಗ್ಲಿ ಬುಡು ಮೈತ್ರವ್ವ, ಅದರಾಗೆ ನಾಚ್ಕೆ ಏನೈತೆ?”

ಹೆಸರು ಬೇರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಕೇರಿ ಹೆಂಗಸ್ರ ಓಟೆಲ್ಲ ಹಾಕಿಸ್ತೀನಿ. ಗೆದ್ಮೇಲೆ ಯಾರೂ ಇತ್ಲಾಗೆ ಬರಕಿಲ್ಲ. ನೀನು ಬಂದು ನಮಗೆ ಮುದ್ದೆ ತಿರುವಿ ಇಕ್ಬೇಕು. ಅದು ನಿನ್ನ ಮ್ಯಾಲಿನ ಸಾಲ.” ನಾನು ಒಪ್ಪಿಕೊಂಡೆ. ಪದ್ಧತಿಯ ಪಕ್ಷದವಳಾದರೂ ಮುದ್ದೆ ತಿರುವಿ ಅಭ್ಯಾಸವಿಲ್ಲ ಎಂದು ಹೇಳಲಿಲ್ಲ.

ಎಣಿಕೆಯ ದಿನ ಎರಡು ಕ್ಷೇತ್ರವೂ ನಮ್ಮದಾಯಿತು. ಆ ಹಳ್ಳಿಯಲ್ಲಿ ಲೀಡೂ ಬಂತು. ಮಾತು ಕಡಿಮೆ ಆಡುವ ಹಿರಿಯರೇ ಫೋನ್ ಮಾಡಿ, “ಮೈಕು ನಿನ್ನ ಹತ್ರಾನೇ ಇರಲಿ ಕಣಮ್ಮ” ಎಂದರು. ದಿಲ್ಲಿಯಲ್ಲಿ ಪ್ರಮಾಣವಚನ ಮುಗಿದ ವಾರವೇ ಅಜ್ಜಿಯ ಮನೆಗೆ ಹೋದೆ. ಪಡಸಾಲೆ ತುಂಬ ಹೆಂಗಸರು.

“ಬಂದ್ಳು ನೋಡ್ರೇ” ಎಂದಳು ಅಜ್ಜಿ. “ದಿಲ್ಲೀಲಿ ಈಗ ಮೈತ್ರಿ ಸರ್ಕಾರ ಅಂತ ಟೀವೀಲಿ ಹೇಳಲಿಲ್ವಾ? ಇವಳ್ದೇ.”

ನಾನೂ ತಿದ್ದಲಿಲ್ಲ. ಗೆದ್ದವರು ಅಷ್ಟು ದೊಡ್ಡ ಮನಸ್ಸು ಮಾಡಬೇಕು. ಸೆರಗು ಸಿಕ್ಕಿಸಿ, ಕೋಲು ಹಿಡಿದು, ಹೊಗೆಯಲ್ಲಿ ಕಣ್ಣೀರು ಸುರಿಸುತ್ತಾ ಮುದ್ದೆ ತಿರುವಿ ಕಟ್ಟಿ ಎಲ್ಲರ ತಟ್ಟೆಗೂ ಇಕ್ಕಿದೆ. ಅಜ್ಜಿ ಒಂದು ತುತ್ತು ಮುರಿದು, ಬೆರಳಲ್ಲಿ ಹಿಸುಕಿ ನೋಡಿ, ಪಂಕ್ತಿಗೆಲ್ಲ ಕೇಳುವಂತೆ ಹೇಳಿದಳು:

“ಸರ್ಕಾರದಾಗೆ ಗಂಟು ಬಾಳ ಐತೆ ಕಣ್ರೇ. ಅಗೀಬ್ಯಾಡಿ, ನುಂಗ್ಬುಡಿ.”