ಅಮಲ್ದಾರರ ಕಾರಂಜಿ ಮತ್ತು ನನ್ನ ಹೆಬ್ಬೆಟ್ಟು

ಕೆಲವರಿಗೆ ಫೋಟೊ ಒಲಿಯುತ್ತದೆ, ಕೆಲವರಿಗೆ ಒಲಿಯುವುದಿಲ್ಲ. ನಾನು ಒಲಿಯದವರ ಪೈಕಿ. ಅಲ್ಲಿಯತನಕ ನೆಟ್ಟಗಿರುವ ನನ್ನ ಕಣ್ಣುಗಳು ಫ್ಲ್ಯಾಶ್ ಮಿಂಚುವ ಗಳಿಗೆಗೆ ಸರಿಯಾಗಿ ಮುಚ್ಚಿಕೊಳ್ಳುತ್ತವೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಧಾರೆ ಎರೆಯುವಾಗ, ತಾಳಿ ಕಟ್ಟುವಾಗ, ಕೊನೆಗೆ ಹೋಳಿಗೆ ತಿನ್ನುವಾಗಲೂ ನಾನು ನಿದ್ದೆ ಹೊಡೆಯುತ್ತಿದ್ದೇನೆ. ಆ ಆಲ್ಬಮ್ ಹೊರಗೆ ಬಂದಾಗಲೆಲ್ಲ ನನ್ನ ಹೆಂಡತಿ ಜಯ, "ಕಣ್ ಬಿಟ್ಕೊಂಡು ಮದ್ವೆ ಆದೋಳು ನಾನೊಬ್ಳೇ ಕಣ್ರೀ" ಎನ್ನುತ್ತಾಳೆ. ಇಂಥವನ ಮನೆ ಮುಂದೆಯೇ ಮೂರು ತಾಲ್ಲೂಕಿನ ಮದುಮಕ್ಕಳು ಫೋಟೊಕ್ಕೆ ಸಾಲು ನಿಲ್ಲಬೇಕೆಂದು ಯಾರ ಹಣೆಯಲ್ಲಿ ಬರೆದಿತ್ತೋ ಕಾಣೆ.

ನಮ್ಮ ಮನೆ ತುರುವೇಕೆರೆಯಿಂದ ಸ್ವಲ್ಪ ಆಚೆ, ತೆಂಗಿನ ತೋಟದ ನಡುವೆ ಇದೆ. ಊರವರ ಬಾಯಲ್ಲಿ ಅದು ಅಮಲ್ದಾರರ ಬಂಗ್ಲೆ. ಮಹಾರಾಜರ ಕಾಲದಲ್ಲಿ ಅಮಲ್ದಾರರಾಗಿದ್ದ ನನ್ನ ಮುತ್ತಜ್ಜ ಕಟ್ಟಿಸಿದ್ದು. ಅವರು ದರ್ಬಾರು ಮಾಡಿದ ತಾಲ್ಲೂಕು ಕಚೇರಿಯಲ್ಲೇ ನಾನು ಗುಮಾಸ್ತ. ಮನೆತನ ಕಚೇರಿ ಬಿಟ್ಟಿಲ್ಲ, ಕುರ್ಚಿ ಮಾತ್ರ ಸವೆದೂ ಸವೆದೂ ಸ್ಟೂಲಾಗಿದೆ. ಬಂಗ್ಲೆಯ ಮುಂದೆ ಮುತ್ತಜ್ಜ ಒಂದು ಹೂದೋಟ ಮಾಡಿಸಿದ್ದರು. ಸಂಪಿಗೆ ಮರ, ಕಲ್ಲುಬೆಂಚು, ಮಧ್ಯದಲ್ಲಿ ಕಲ್ಲಿನ ಕಮಲದಿಂದ ನೀರು ಚಿಮ್ಮುವ ಕಾರಂಜಿ. ಚಿಮ್ಮುತ್ತಿದ್ದುದು ಅವರ ಕಾಲಕ್ಕೆ. ನನ್ನ ಕಾಲಕ್ಕೆ ಬಂಗ್ಲೆಯ ಸೂರಿನಿಂದ ಬೇಕಾದಷ್ಟು ನೀರು ಬರುತ್ತಿತ್ತು, ಕಾರಂಜಿಯಿಂದ ಒಂದು ಹನಿ ಇಲ್ಲ.

ಅದಕ್ಕೆ ಮತ್ತೆ ಜೀವ ಕೊಟ್ಟವನು ತಿಪಟೂರಿನಲ್ಲಿ ಸ್ಟುಡಿಯೊ ಇಟ್ಟಿದ್ದ ನನ್ನ ಸ್ನೇಹಿತ ಜಬ್ಬಾರ್. ಆಗಿನ್ನೂ ರೀಲು ಕ್ಯಾಮೆರಾಗಳ ಕಾಲ. ಛತ್ರದಲ್ಲಿ ತೆಗೆದ ಫೋಟೊ ಸಾಲದು, ಔಟ್‌ಡೋರ್ ಬೇಕು ಎಂಬ ಹೊಸ ಕಾಯಿಲೆ ನಮ್ಮ ಕಡೆಗೂ ತಗುಲಿತ್ತು. ಜಬ್ಬಾರ್ ನಮ್ಮ ಕೊಳವೆಬಾವಿಯಿಂದ ಒಂದು ಕರೀ ಪೈಪು ಎಳೆದು, ಕಲ್ಲುಕಮಲದ ಹಿಂಬದಿಯಿಂದ ಮೇಲಕ್ಕೆ ಹತ್ತಿಸಿದ. ನೀರು ಬಂತು, ಆದರೆ ಮಗುವಿನ ಬಾಯಿಂದ ಜೊಲ್ಲು ಇಳಿದ ಹಾಗೆ ಬಂತು. ಕಡ್ಡಿ ತುರುಕಿದೆವು, ತಂತಿ ಬಿಗಿದೆವು. ಎಲ್ಲವೂ ಕಿತ್ತುಕೊಂಡು ಹೋದವು. ಕೊನೆಗೆ ನಾನು ಕ್ರೋಟನ್ ಗಿಡಗಳ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದೆ. ನೀರು ಆಳೆತ್ತರ ಹಾರಿತು! "ಮಾಶಾ ಅಲ್ಲಾ! ಕೈ ತೆಗೀಬ್ಯಾಡಿ ಸಾರ್!" ಎಂದು ಜಬ್ಬಾರ್ ಕೂಗಿಕೊಂಡ. ಆವತ್ತಿನಿಂದ ನಾನು ಕೈ ತೆಗೆಯಲಿಲ್ಲ. ಕಚೇರಿಯಲ್ಲಿ ಊರವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮನುಷ್ಯ, ರಜಾದಿನಗಳಲ್ಲಿ ತನ್ನ ಹೆಬ್ಬೆಟ್ಟು ಒತ್ತಿಕೊಂಡು ಕೂರುವ ಹಾಗಾಯಿತು.

ಮುಹೂರ್ತ ಇಡುವವರು ಪುರೋಹಿತರಾದರೂ ಫೋಟೊದ ಮುಹೂರ್ತ ಲೈನ್‌ಮನ್ ಕೈಯಲ್ಲಿತ್ತು. ತ್ರೀ ಫೇಸ್ ಕರೆಂಟ್ ಬಂದರೆ ಮೋಟರು, ಮೋಟರು ತಿರುಗಿದರೆ ಕಾರಂಜಿ. ಕರೆಂಟ್ ಬರುವತನಕ ಜಬ್ಬಾರ್ ಮದುಮಗಳನ್ನು ತೆಂಗಿನಮರಕ್ಕೆ ಒರಗಿಸಿ, "ಗದ್ದ ಮೇಲೆ, ಕಣ್ಣು ಕೆಳಗೆ" ಎನ್ನುತ್ತಿದ್ದ. ಕಾಯಿ ತಲೆ ಮೇಲೆ ಬಿದ್ದೀತೆಂದು ಯಾರಾದರೂ ಅಜ್ಜಿ ಗಾಬರಿಯಾದರೆ, "ಕಾಯಿಗೆ ಮೂರು ಕಣ್ಣು ಅವೆ ಅಮ್ಮ, ನೋಡ್ಕೊಂಡೇ ಬೀಳ್ತದೆ" ಎಂದು ಸಮಾಧಾನ ಮಾಡುತ್ತಿದ್ದ. ಮೂರು ಕಣ್ಣಿನ ಆ ಭಾಗ್ಯ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇಷ್ಟಾದ ಮೇಲೆ ಅವನು ಬಂದವರ ಮುಂದೆಲ್ಲ ಬಿಡುತ್ತಿದ್ದ ಬುರುಡೆ ಒಂದಿತ್ತು: "ಮಹಾರಾಜರ ಕಾಲದ ಕಾರಂಜಿ ಇದು. ಇವತ್ತಿಗೂ ತಾನಾಗೇ ಚಿಮ್ಮುತ್ತೆ." ಮುತ್ತಜ್ಜನ ಮರ್ಯಾದೆಯ ಪ್ರಶ್ನೆ ಅಲ್ಲವೇ, ಗಿಡದ ಮರೆಯಲ್ಲಿ ನಾನೂ ಸುಮ್ಮನಿರುತ್ತಿದ್ದೆ.

ಹೀಗೆ ಸುಮ್ಮನಿದ್ದದ್ದು ನನ್ನ ಮಗಳು ಸವಿತಳ ಮದುವೆಗೆ ಬಂದು ಗಂಟುಬಿತ್ತು. ಗಂಡಿನ ತಂದೆ ಕಿಬ್ಬನಹಳ್ಳಿಯ ಕೊಬ್ಬರಿ ವ್ಯಾಪಾರಿ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಹೆಚ್ಚು ಹೊತ್ತು, ನಾನು ನೆಪ ಹೇಳಿ ಗಿಡದ ಮರೆ ಸೇರಿ ಚಿಮ್ಮಿಸಿದ ಕಾರಂಜಿಯನ್ನೇ ನೋಡಿ, "ಈಗಿನ ಎಂಜಿನಿಯರ್‌ಗಳ ಕೈಲಿ ಆಗತ್ತೇನ್ರೀ ಇದು?" ಎಂದು ತಲೆದೂಗಿದ್ದರು. ಮದುವೆಯ ದಿನ ನಂಟರನ್ನೆಲ್ಲ ಬಸ್ಸಿನಲ್ಲಿ ತಂದು ಅದರ ಮುಂದೆ ಫೋಟೊ ತೆಗೆಸುವುದೆಂದು ಊರೆಲ್ಲ ಹೇಳಿಕೊಂಡು ಬಂದರು. ಸವಿತ ಮಾತ್ರ ಮದುವೆಗೆ ಮುಂಚೆಯೇ ನನ್ನನ್ನು ಹಿಡಿದು ನಿಲ್ಲಿಸಿ, "ಅಪ್ಪ, ನೀನು ಊರೋರ ಮದ್ವೆಗೆಲ್ಲ ಆ ಗಿಡದೊಳಗೆ ಕೂತೆ. ನನ್ನ ಮದ್ವೇಲಿ ನನ್ನ ಪಕ್ಕ ನಿಂತ್ಕೋಬೇಕು. ನಂಗೆ ಬೇಕಾಗಿರೋದು ಅದೊಂದೇ ಫೋಟೊ" ಎಂದಳು. ಆಗಲಿ ಎಂದೆ. ನನ್ನ ಬದಲು ಕೂರಲು ಭಾವಮೈದನಿಗೆ ತರಬೇತಿ ಕೊಟ್ಟೆ. ಅವನ ಗಾತ್ರಕ್ಕೆ ಕ್ರೋಟನ್ ಗಿಡ ಯಾವ ಮೂಲೆಗೂ ಸಾಲಲಿಲ್ಲ. ಅವನ ಹೆಬ್ಬೆಟ್ಟಿಗೆ ನೀರು ಮೊಣಕಾಲೆತ್ತರವೂ ಏಳಲಿಲ್ಲ.

ಮದುವೆಯ ದಿನ ಮಧ್ಯಾಹ್ನ ಕರೆಂಟ್ ಬಂತು, ಬಸ್ಸೂ ಬಂತು. ನಾನು ರೇಷ್ಮೆ ಪಂಚೆ, ಜುಬ್ಬ, ಜರಿ ಪೇಟಗಳನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬಿಚ್ಚಿಟ್ಟು, ಪಟ್ಟೆ ಚಡ್ಡಿ ಬನಿಯನ್ನಿನಲ್ಲಿ ನನ್ನ ಸ್ಥಾನಕ್ಕೆ ಹೋಗಿ ಕೂತೆ. ಹೆಣ್ಣುಗಂಡಿನ ಫೋಟೊ ಮುಗಿಯುತ್ತಲೇ ಎದ್ದುಬಿಡುವುದೆಂದು ನನ್ನ ಲೆಕ್ಕ. ಆದರೆ ಅದು ಮುಗಿದೊಡನೆ ಬೀಗರ ದನಿ ಕೇಳಿತು: "ನೀರು ಚೆನ್ನಾಗ್ ಬರ್ತಾ ಐತೆ, ಫ್ಯಾಮಿಲಿ ಫೋಟೊನೂ ಹೊಡ್ದುಬುಡಿ. ಬೀಗರೆಲ್ಲಿ?" ಜಯ, "ಅಡಿಗೆಯೋರ ಹತ್ರ ಹೋಗಿದಾರೆ" ಎಂದು ತೊದಲಿದಳು. "ಅವರ್ದು ಇನ್ನೊಂದಿನ ತೆಗ್ಸಿದ್ರಾಯ್ತು ಬುಡಿ. ಕಾರಂಜಿ ನಿಂತೋದ್ರೆ ಏನ್ ಮಾಡಾದು?" ಎಂದರು ಬೀಗರು.

ಹೆಣ್ಣು ಹೆತ್ತವನಿಗಿಂತ ಕಾರಂಜಿ ಹೆಚ್ಚಾಯಿತೇ ಎಂದು ನನಗೆ ಸಿಟ್ಟು ಬಂತು. ಆದರೆ ಆ ಕಾರಂಜಿಯೂ ನಾನೇ ಆಗಿದ್ದರಿಂದ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ. ತೊಡೆಯ ಮೇಲೆ ಕಟ್ಟಿರುವೆ ಬೇರೆ ಹತ್ತುತ್ತಿತ್ತು. ಎದ್ದರೆ ಮುತ್ತಜ್ಜನ ಮಾನ, ನನ್ನ ಮಾನ, ಚಡ್ಡಿಯ ಸಮೇತ ಬೀಗರ ಮುಂದೆ ಹರಾಜು. ಅಷ್ಟರಲ್ಲಿ ಸವಿತ ಕ್ಯಾಮೆರಾಕ್ಕೆ ಬೆನ್ನು ಮಾಡಿ ನೇರವಾಗಿ ನನ್ನ ಗಿಡದ ಕಡೆಗೇ ತಿರುಗಿದಳು. "ನಿಂತ್ರೆ ನಿಂತ್ಕೊಳ್ಳಿ ಮಾವ. ನಮ್ಮಪ್ಪ ಬರೋಗಂಟ ನಂಗೆ ಫೋಟೊ ಬ್ಯಾಡ" ಎಂದಳು. ಎಲೆಗಳ ಸಂದಿಯಿಂದ ಅವಳ ಮುಖ ಕಂಡಿತು. ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ನಾನು ತಡವಾಗಿ ಹೋದರೆ ಗೇಟಿನ ಹತ್ತಿರ ಹೀಗೇ ತುಟಿ ಬಿಗಿಹಿಡಿದು ನಿಂತಿರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೆಬ್ಬೆಟ್ಟು ತೆಗೆದೇಬಿಟ್ಟೆ.

"ಅಯ್ಯಯ್ಯೋ, ನಿಂತೇಹೋಯ್ತಲ್ರೀ!" ಎಂದು ಬೀಗರು ಬಾಯಿ ಬಡಿದುಕೊಳ್ಳುತ್ತಿರುವಾಗ ನಾನು ಅಂಬೆಗಾಲಿಟ್ಟುಕೊಂಡು ಹಿತ್ತಲು ಸೇರಿದೆ. ಒದ್ದೆ ಮೈಮೇಲೇ ಪಂಚೆ ಜುಬ್ಬ ಏರಿಸಿ, ಪೇಟ ಮರೆತು, ಓಡೋಡಿ ಬಂದು ಮಗಳ ಪಕ್ಕ ನಿಂತೆ. ಅವಳು ನನ್ನ ಒದ್ದೆ ಕೈ ಹಿಡಿದುಕೊಂಡಳು. ಹೆಬ್ಬೆಟ್ಟು ನೀರಲ್ಲಿ ನೆನೆದು ಸುಕ್ಕಾಗಿತ್ತು. ಅದನ್ನೇ ಮೆಲ್ಲಗೆ ಸವರಿದಳು. ಜಬ್ಬಾರ್ ಕ್ಲಿಕ್ ಮಾಡಿದ.

ಆಲ್ಬಮ್ ಬಂದ ಮೇಲೆ ಬೀಗರು ಅದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮನೆಗೆ ಬಂದರು. ಕನ್ನಡಕ ಏರಿಸಿ, "ಅಲ್ಲ ಬೀಗರೇ, ಕಾರಂಜಿ ಹಿಂದೆ ಎಲ್ಲ ಫೋಟೊದಲ್ಲೂ ಒಂದು ನುಣ್ಣನೆ ಗುಂಡುಕಲ್ಲು ಹೊಳೀತಾ ಐತೆ. ಹೊನ್ನವಳ್ಳಿ ನಮ್ಮ ನೆಂಟ್ರ ಆಲ್ಬಮ್ಮಲ್ಲೂ ಐತೆ. ಈ ಫ್ಯಾಮಿಲಿ ಫೋಟೊದಲ್ಲಿ ಮಾತ್ರ ಎತ್ಲಾಗ್ ಹೋಯ್ತು?" ಎಂದು ಕೇಳಿದರು. ನನ್ನ ಕೈ ತಾನಾಗಿ ನೆತ್ತಿಗೆ ಹೋಯಿತು. ಪಕ್ಕದಲ್ಲಿದ್ದ ಜಬ್ಬಾರ್ ನನ್ನ ಕಿವಿಯಲ್ಲಿ, "ನಂಗೆ ಮೊದ್ಲಿಂದ ಗೊತ್ತಿತ್ತು ಸಾರ್. ಹೇಳಿದ್ರೆ ನೀವು ಕೂರಲ್ಲ ಅಂತ ಸುಮ್ನಿದ್ದೆ" ಎಂದ. ಜಯ ಕಾಫಿ ಲೋಟ ಕೆಳಗಿಟ್ಟು, "ಎಲ್ಲೂ ಹೋಗಿಲ್ಲ ಬೀಗರೇ. ಸರಿಯಾಗ್ ನೋಡಿ, ಸವಿತನ ಪಕ್ಕದಲ್ಲೇ ಇದೆ" ಎಂದಳು. ಬೀಗರು ಫೋಟೊ ನೋಡಿದರು, ನನ್ನ ತಲೆ ನೋಡಿದರು, ಮತ್ತೆ ಫೋಟೊ ನೋಡಿದರು. ಆಮೇಲೆ ಅವರು ನಕ್ಕ ನಗು ಕಿಬ್ಬನಹಳ್ಳಿಗೂ ಕೇಳಿಸಿರಬೇಕು.

ಆ ಫೋಟೊ ಈಗ ನಮ್ಮ ಹಜಾರದ ಗೋಡೆಯ ಮೇಲಿದೆ. ಕಾರಂಜಿ ಜೊಲ್ಲು ಸುರಿಸುತ್ತಿದೆ, ನಾನು ತೊಯ್ದು ತೊಪ್ಪೆಯಾಗಿದ್ದೇನೆ, ಮಗಳು ಬಾಯಿತುಂಬ ನಗುತ್ತಿದ್ದಾಳೆ. ನನ್ನ ಕಣ್ಣು ಇದರಲ್ಲೂ ಮುಚ್ಚಿದೆ. ಬಂದವರು ಕೇಳಿದರೆ, ಫ್ಲ್ಯಾಶಿಗೆ ಮುಚ್ಚಿಹೋಯಿತು, ನನ್ನ ಹಣೆಬರಹವೇ ಇಷ್ಟು ಎನ್ನುತ್ತೇನೆ. ಅಂಥ ಸುಡುಬಿಸಿಲಿನಲ್ಲಿ ಜಬ್ಬಾರ್ ಫ್ಲ್ಯಾಶನ್ನು ಚೀಲದಿಂದ ಹೊರಗೇ ತೆಗೆದಿರಲಿಲ್ಲ. ದೇವರ ದಯೆ, ಅದನ್ನು ಇದುವರೆಗೆ ಯಾರೂ ಕೇಳಿಲ್ಲ.