ಕಾಕಾನಿಗೆ ಬಾರದ ಆರನೇ ಭಾಷೆ

ಪವಿತ್ರಾತ್ಮನು ನಮ್ಮ ಲಿಂಗಸುಗೂರು ತಾಲೂಕಿನಲ್ಲಿ ಯಾರನ್ನಾದರೂ ನೋಡಿಯೂ ನೋಡದಂತೆ ಹೋಗಿದ್ದರೆ ಅದು ನಮ್ಮ ಕಾಕಾನನ್ನು ಮಾತ್ರ! ಹೀಗೆ ಬರೆದದ್ದಕ್ಕೆ ಸಭೆಯ ಹಿರಿಯರು ನನ್ನ ಮೇಲೆ ಸಿಟ್ಟಾಗಬಾರದು. ಇದು ಕಾಕಾನದೇ ಮಾತು. ಅವನು ಸರ್ಕಾರಿ ಬಸ್ಸಿನ ಕಂಡಕ್ಟರ್. ಲಿಂಗಸುಗೂರು, ಮಸ್ಕಿ, ಸಿಂಧನೂರು ಅವನ ದಾರಿ. "ಎಲ್ಲಾರ ಹಂತ್ಯಾಕ ನಿಂತು ಹತ್ತಿಸ್ಕೊಳ್ತಾನ. ನಾ ಕೈ ಮಾಡಿದ್ರ ಮಾತ್ರ ಹಂಗ ಮುಂದ ಹೋಗಿಬಿಡ್ತಾನ" ಎನ್ನುತ್ತಿದ್ದ. ಸ್ವಲ್ಪ ಯೋಚಿಸಿ, "ನಾನೂ ಬಾಳ ಮಂದಿಗೆ ಹಂಗ ಮಾಡೀನಿ ಬಿಡು" ಎಂದು ತಾನೇ ತಪ್ಪೊಪ್ಪಿಕೊಳ್ಳುತ್ತಿದ್ದ.

ಕಾಕಾನಿಗೆ ಬೇಕಾಗಿದ್ದದ್ದು ಒಂದೇ ಒಂದು, ಅನ್ಯಭಾಷೆಯ ವರ. ಪ್ರಾರ್ಥಿಸುತ್ತ ಪ್ರಾರ್ಥಿಸುತ್ತ ಮೈಮರೆತು, ಈ ಲೋಕದಲ್ಲಿ ಯಾರೂ ಕಲಿಸದ ಭಾಷೆಯಲ್ಲಿ ದೇವರ ಜೊತೆ ಮಾತಾಡುವುದಿದೆಯಲ್ಲ, ಅದು! ಭಾಷೆಗೇನು ಅವನಿಗೆ ಬರಗಾಲವೇ? ಕನ್ನಡ ಮನೆಯದು, ಉರ್ದು ಬಸ್‌ಸ್ಟ್ಯಾಂಡಿನದು. ತೆಲುಗು ಆಂಧ್ರದಿಂದ ಬಂದು ಕಾಲುವೆ ಕಡೆ ನೆಲೆಸಿದ ಕ್ಯಾಂಪಿನವರಿಂದ ಕಲಿತದ್ದು, ಲಂಬಾಣಿ ತಾಂಡಾದ ಹೆಂಗಸರ ಜೊತೆ ಜಗಳಾಡಿ ಕಲಿತದ್ದು. ಇಂಗ್ಲಿಷು ಡಿಪೋದ ಸಾಹೇಬರ ಮುಂದೆ ನಿಲ್ಲುವಷ್ಟು. ಐದು ಭಾಷೆ ಬಲ್ಲ ಮನುಷ್ಯ ಆರನೆಯದಕ್ಕಾಗಿ ಹತ್ತು ವರ್ಷ ಹಂಬಲಿಸಿದ.

ಮೊದಲು ನಮ್ಮ ಸಭೆಯಲ್ಲಿ ಈ ಗೊಡವೆಯೇ ಇರಲಿಲ್ಲ. ಮಿಶನರಿಗಳು ಬಿಟ್ಟುಹೋದ ಕಲ್ಲಿನ ಚರ್ಚು. ಆರಾಧನೆ ಎಂದರೆ ಪುಸ್ತಕ. ಏಳಬೇಕಾದಲ್ಲಿ ಎದ್ದು ಕೂಡಬೇಕಾದಲ್ಲಿ ಕೂತರೆ ಮುಗಿಯಿತು. "ಆಮೆನ್" ಅನ್ನುವುದನ್ನೂ ಗಂಟಲು ಸರಿಮಾಡಿಕೊಂಡಷ್ಟೇ ಮೆಲ್ಲಗೆ ಅನ್ನುತ್ತಿದ್ದೆವು. ಎಂಬತ್ತರ ದಶಕದ ಆರಂಭದಲ್ಲಿ ಹೊಸ ಪಾದ್ರಿ ಅಯ್ಯನವರು ಬಂದರು ನೋಡಿ, ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಢೋಲಕ್! ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಅಯ್ಯನವರ, ದೇವ್ರಿಗೆ ಕಿವಿ ಚೊಲೋ ಅದಾವ್ರೀ" ಎಂದರು. ಅಯ್ಯನವರು ನಕ್ಕು ಇನ್ನೂ ಜೋರಾಗಿ ಬಾರಿಸಿದರು. ಅವತ್ತು ಇಡೀ ಚರ್ಚಿನಲ್ಲಿ ಚಪ್ಪಾಳೆ ತಟ್ಟಿದ ಒಬ್ಬನೇ ಒಬ್ಬ ಯಾರು? ಬೇರೆ ಹೇಳಬೇಕೆ?

ವರ್ಷದೊಳಗೆ ಆ ಹಿರಿಯರೇ ಎರಡೂ ಕೈ ಎತ್ತಿ ಹಾಡತೊಡಗಿದರು. ಒಬ್ಬೊಬ್ಬರಿಗೇ ಅನ್ಯಭಾಷೆ ಬಂತು. ಗಂಟೆ ಬಾರಿಸುವವನಿಗೆ ಬಂತು. ಹಾಲಿನಾಕೆಗೆ ಬಂತು. ಕಾಕಾ ಮಾತ್ರ ಮೊಣಕಾಲೂರಿ, ಒಂದು ಕಣ್ಣು ತೆರೆದು, ಯಾರ ಯಾರ ತನಕ ಬಂತು ಎಂದು ನೋಡುತ್ತಿದ್ದ.

ಬಂದವರನ್ನು ಅವನು ಬಿಟ್ಟನೇ? ಡಾಕ್ಟರು ಜ್ವರದ ರೋಗಿಯನ್ನು ಕೇಳುವ ಹಾಗೆ ಕೇಳುತ್ತಿದ್ದ. "ಮೊದ್ಲು ಎಲ್ಲಿ ಸುರು ಆಕ್ಕತಿ? ಹೊಟ್ಟ್ಯಾಗೋ, ನಾಲಿಗಿ ಮ್ಯಾಲೋ? ಮೈ ಬೆಚ್ಚಗಾಕ್ಕತೇನು?" ಗಂಟೆ ಬಾರಿಸುವವನು ಹೆದರಿ, "ನನಗ ನೆಪ್ಪಿಲ್ರೀ ಕಂಡಕ್ಟರ್ ಸಾಹೇಬ್ರ" ಎಂದು ಚರ್ಚಿನ ಹಿಂದಿನ ಬಾಗಿಲಿಂದ ಓಡಿಹೋದ.

ಆಮೇಲೆ ಸಿಂಧನೂರಿನಲ್ಲಿ ಶಾಲೆಯ ಮೈದಾನದಲ್ಲಿ ಮೂರು ದಿನದ ಉಜ್ಜೀವನ ಕೂಟ ನಡೆಯಿತು. ಆಂಧ್ರದಿಂದ ದೊಡ್ಡ ಪ್ರಸಂಗಿಗಳೊಬ್ಬರು ಬೋಧನೆಗೆ ಬಂದಿದ್ದರು. ತುರ್ವಿಹಾಳ, ಗೊರೇಬಾಳದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಜನ. ಪ್ರಸಂಗಿಗಳು ಹಣೆಯ ಮೇಲೆ ಕೈಯಿಟ್ಟರೆ ಸಾಕು, ಆತ್ಮನ ಬಲಕ್ಕೆ ಜನ ಹಿಂದಕ್ಕೆ ಬೀಳುತ್ತಿದ್ದರು. ಹಿಡಿದುಕೊಳ್ಳಲು ಹಿಂದೆ ಇಬ್ಬರು ಗಟ್ಟಿ ಆಳು. ಸಾಲು ಸರಸರ ಸಾಗಿ ಕಾಕಾನ ಸರದಿ ಬಂತು. ಪ್ರಸಂಗಿಗಳು ಕೈಯಿಟ್ಟರು. ಕಾಕಾ ಬೀಳಲಿಲ್ಲ. ಒತ್ತಿದರು. ಬೀಳಲಿಲ್ಲ! ಹೇಗೆ ಬಿದ್ದಾನು? ಹದಿನೆಂಟು ವರ್ಷ ಆ ತಗ್ಗುದಿಣ್ಣೆಯ ರಸ್ತೆಯಲ್ಲಿ, ಓಡುವ ಬಸ್ಸಿನಲ್ಲಿ, ಏನನ್ನೂ ಹಿಡಿಯದೆ ನಿಂತು ಟಿಕೆಟು ಹರಿದ ಕಾಲು ಅವು! ತಳ್ಳಿದ ಕೂಡಲೇ ತಾವಾಗಿಯೇ ಅಗಲಿಸಿ ನಿಂತುಬಿಟ್ಟವು. ಬಲಗೈ ಮೇಲಿನ ಕಂಬಿಯನ್ನು ಹುಡುಕುತ್ತ ಗಾಳಿಯಲ್ಲಿ ಹೋಯಿತು. ಮೂರನೆಯ ಸಲ ಪ್ರಸಂಗಿಗಳು ಮೈಭಾರವನ್ನೆಲ್ಲ ಬಿಟ್ಟು ತಳ್ಳಿದಾಗ ಕೈ ಜಾರಿ ತಾವೇ ಮುಗ್ಗರಿಸಿದರು. ಕಾಕಾ ಗಪ್ಪನೆ ಹಿಡಿದು, "ಸಂಭಾಳಿಸ್ರೀ ಸಾರ್, ಸಂಭಾಳಿಸ್ರೀ" ಎಂದ. ಹಿಂದಿದ್ದ ಗಟ್ಟಿ ಆಳುಗಳು ಮುಂದೆ ಬಂದು ಪ್ರಸಂಗಿಗಳನ್ನು ಕುರ್ಚಿಯಲ್ಲಿ ಕೂಡಿಸಿದರು.

ಬರುವಾಗ ಬಸ್ಸಿನಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಮುಖ ಯಾರು ನೋಡಿದರು?

ಉಪವಾಸವೂ ಆಯಿತು. ಮೂರು ದಿನ ಬರೀ ನೀರು, ಡ್ಯೂಟಿಯ ಮೇಲಿದ್ದಾಗಲೂ. ಮಸ್ಕಿ ಬಸ್‌ಸ್ಟ್ಯಾಂಡಿನ ಮಿರ್ಚಿಭಜಿಯ ವಾಸನೆ ಕಲ್ಲನ್ನೂ ಎಬ್ಬಿಸುವಂಥದ್ದು. ಎರಡು ದಿನ ಮೂಗು ಮುಚ್ಚಿ ದಾಟಿದ. ಮೂರನೆಯ ದಿನ ನಾಲ್ಕು ಮಿರ್ಚಿ ತಿಂದು ಮನೆಗೆ ಬಂದು, "ಸೈತಾನ ಬಾಳ ಬಿಸಿಬಿಸಿ ಕರದಿದ್ದ" ಎಂದು ಚಿಗವ್ವನ ಮುಂದೆ ಒಪ್ಪಿಕೊಂಡ.

ಚಿಗವ್ವ ಎಂದರೆ ಅವನ ಹೆಂಡತಿ. ವರ, ಅಭಿಷೇಕ ಎಂದರೆ ಅವಳಿಗೆ ಅಷ್ಟಕ್ಕಷ್ಟೆ. ಕೂಟಕ್ಕೆ ಕರೆದರೆ "ಜ್ವಾಳ ಹಸನ ಮಾಡೂದೈತಿ" ಅನ್ನುತ್ತಿದ್ದಳು. ಕೊನೆಗೆ ಅವಳಿಗೇ ಬರಬೇಕೆ! ಅದೂ ಜೋಳ ಹಸನು ಮಾಡುವಾಗಲೇ! ಮೊರ ಕೆಳಗಿಟ್ಟು, ಕಣ್ಣು ಮುಚ್ಚಿ, ಅರ್ಧ ಗಂಟೆ ಯಾವುದೋ ಭಾಷೆಯಲ್ಲಿ ಅತ್ತಳು. ಕಾಕಾ ಅಡುಗೆಮನೆಯ ಹೊಸ್ತಿಲಲ್ಲಿ ಬಾಯಿ ತೆರೆದು ನಿಂತಿದ್ದ.

"ಏನಂದಿ ದೇವ್ರಿಗೆ?"

"ನನಗೇನ್ ಗೊತ್ರೀ? ತಾನ ಬಂತು, ತಾನ ಹೋತು."

"ನಂದೇನರ ಮಾತು ತಗದ್ಯಾ?"

"ನಿಮ್ಮ ಹೆಸರು ಹೇಳಿದ್ರ ಅಲ್ಲೇ ನಿಂತಿತ್ತು ಬಿಡ್ರಿ" ಎಂದು ಚಿಗವ್ವ ಕಣ್ಣೊರೆಸಿಕೊಂಡು ಮತ್ತೆ ಮೊರ ಹಿಡಿದಳು.

ಇನ್ನು ನನ್ನ ಕತೆ. ತೊಂಬತ್ತರ ಮೊದಲ ವರ್ಷಗಳು, ನಾನು ಸಿಂಧನೂರಿನಲ್ಲಿ ಕಾಲೇಜು ಓದುತ್ತಿದ್ದೆ. ನಮ್ಮ ಚರ್ಚಿನ ಯೌವನಸ್ಥರ ಕೂಟಕ್ಕೆ ದೊಡ್ಡವರೂ ಬಂದು ಹಿಂದೆ ಕೂತಿದ್ದರು. ನನ್ನ ಎಡಕ್ಕಿದ್ದವಳಿಗೆ ಬಂತು, ಬಲಕ್ಕಿದ್ದವಳಿಗೆ ಬಂತು. ನಡುವೆ ನಾನೊಬ್ಬಳು ಬಾಯಿ ಮುಚ್ಚಿ ಕೂತಿದ್ದೆ. ಅಯ್ಯನವರು ಹತ್ತಿರ ಬರುತ್ತಿದ್ದರು. ನಾಚಿಕೆಯಾಯಿತು, ಹೆದರಿಕೆಯಾಯಿತು. ಬಾಯಿಗೆ ಬಂದ ಅಕ್ಷರಗಳನ್ನು ಜೋಡಿಸಿ ಗಡಗಡ ಹೇಳಿಬಿಟ್ಟೆ! ಉಳಿದವರದು ನಿಜವೇ ಇದ್ದೀತು, ಅದನ್ನು ಹೇಳಲು ನಾನು ಯಾರು? ನನ್ನದು ಮಾತ್ರ ಅಪ್ಪಟ ಸುಳ್ಳು. ಸಭೆಯವರೆಲ್ಲ "ಸ್ತೋತ್ರ, ಸ್ತೋತ್ರ" ಎಂದರು. ನಮ್ಮವ್ವ ಅತ್ತಳು. ಕಾಕಾ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದ. ಅವನು ನನಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಿತು.

ಎಂಟು ದಿನ ಆಗಿರಬೇಕು. ಬೆಳಿಗ್ಗೆ ಕಾಲೇಜಿಗೆ ಕಾಕಾನ ಬಸ್ಸಿನಲ್ಲೇ ಹೊರಟಿದ್ದೆ. ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರು, ಮಂದಿ ಎಲ್ಲ ಚಹಾಕ್ಕೆ ಇಳಿದರು. ಕಾಕಾ ಬಂದು ನನ್ನ ಪಕ್ಕ ಕೂತ. ಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸು ಖಾಲಿಯಿದೆಯೇ ಎಂದು ಹಿಂದೆ ತಿರುಗಿ ನೋಡಿದ.

"ಯವ್ವಾ, ನಿನಗ ಒಂದ್ ಕೆಲಸ ಹೇಳ್ತೀನಿ. ನಗಬ್ಯಾಡ."

"ಇಲ್ಲ ಕಾಕಾ, ಹೇಳು."

"ನಿನಗ ಒಬ್ಬಾಕಿ ಅಕ್ಕ ಇದ್ಲು, ಗೊತ್ತಿಲ್ಲೇನು?"

ಗೊತ್ತಿತ್ತು, ಅರೆಬರೆ. ನಾನು ಹುಟ್ಟುವ ಮುಂಚೆ ಕಾಕಾನಿಗೆ ಒಂದು ಹೆಣ್ಣುಮಗು ಇತ್ತು. ಮೂರು ವರ್ಷದ್ದಿದ್ದಾಗ ಜ್ವರ ಬಂದು ತೀರಿಕೊಂಡಿತು. ಮನೆಯಲ್ಲಿ ಯಾರೂ ಆ ಮಾತು ತೆಗೆಯುತ್ತಿರಲಿಲ್ಲ. ಕಾಕಾ ಆ ಹೆಸರು ಹೇಳಿದ. ಇಲ್ಲಿ ಅದನ್ನು ಬರೆಯುವುದಿಲ್ಲ. ಚಿಗವ್ವ ಇನ್ನೂ ಇದ್ದಾಳೆ, ಕನ್ನಡಕ ಹಾಕಿಕೊಂಡು ಎಲ್ಲ ಓದುತ್ತಾಳೆ.

"ದವಾಖಾನಿ ಕಟ್ಟಿ ಮ್ಯಾಲೆ ಕುಂತು ಇಡೀ ದಿನ ಪ್ರಾರ್ಥನಾ ಮಾಡಿದ್ನವ್ವಾ. ಕನ್ನಡದಾಗ. ಸಂಜಿಕ ಹೋಗಿಬಿಟ್ಲು. ಆಮ್ಯಾಲೆ ಎಷ್ಟ್ ವರ್ಷ ಕೇಳೀನಿ, ಅಲ್ಲಿ ಹೆಂಗದಾಳಪ್ಪಾ ಅಂತ. ಜವಾಬು ಬರವಲ್ದು. ನನ್ನ ಭಾಷಾ ಮುಟ್ಟವಲ್ದೇನೋ ಅನಸ್ತು. ನಿಮ್ಮ ಚಿಗವ್ವಗ ಹೆಂಗ ಕೇಳ್ಲಿ? ಆ ಹೆಸರು ತಗದ್ರ ಎರಡು ದಿನ ಉಣ್ಣಂಗಿಲ್ಲ ಆಕಿ. ನೀನ ಕೇಳವ್ವಾ. ಆ ಭಾಷಾದಾಗ. ಒಂದ ಸಲ."

ಹತ್ತು ವರ್ಷ ನಾವೆಲ್ಲ ನಕ್ಕದ್ದು ಇದಕ್ಕೆ!

ಸುಳ್ಳು ಕಾಕಾ, ನನಗೆ ಏನೂ ಬಂದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿ, ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವಾಗ ಮಾಡುವಂತೆ ಎರಡೂ ಅಂಗೈ ಚಾಚಿ ಕೂತಿದ್ದ. ಅಂದು ಸಭೆಯಲ್ಲಿ ಪುಂಖಾನುಪುಂಖವಾಗಿ ಬಂದ ಅಕ್ಷರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವನ ಅಂಗೈ ಹಿಡಿದುಕೊಂಡು, ಅವನಿಗೆ ಕೇಳಿಸದಷ್ಟು ಮೆಲ್ಲಗೆ, ನಮ್ಮ ಮಾತಿನಲ್ಲೇ ಕೇಳಿದೆ: ದೇವರೇ, ನಮ್ಮಕ್ಕ ಹೆಂಗದಾಳ?

"ಕೇಳಿದ್ಯಾ?"

"ಹೂಂ ಕಾಕಾ."

"ಏನಂದ?"

ಹೊರಗೆ ಡ್ರೈವರು ಚಹಾದ ಲೋಟ ಇಡುತ್ತಿದ್ದ.

"ಆರಾಮದಾಳಂತ ಕಾಕಾ. ನೀ ಹೆಂಗದಿ ಅಂತ ಆಕಿನೂ ಕೇಳ್ತಾಳಂತ."

ಕಾಕಾ ಕಣ್ಣು ತೆರೆದು, ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು ಎದ್ದುಹೋದ. ಅಂದಿನಿಂದ ಅವನು ಯಾವ ಕೂಟದಲ್ಲೂ ವರ ಕೇಳಲು ಮುಂದೆ ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ನೆಮ್ಮದಿಯಾಗಿ ಹಾಡುತ್ತಿದ್ದ. ಸಭೆಯವರು ಕಾಕಾ ತಣ್ಣಗಾದ, ವಿಶ್ವಾಸ ಕಡಿಮೆಯಾಯಿತು ಎಂದು ಮಾತಾಡಿಕೊಂಡರು.

ಕಾಕಾ ಹೋಗಿ ಬಹಳ ವರ್ಷವಾಯಿತು. ಅವನಿದ್ದಾಗ ನಿಜ ಹೇಳಬೇಕೆಂದು ಎಷ್ಟೋ ಸಲ ಅವನ ಮನೆಗೆ ಹೋಗಿ, ಬರೀ ಚಹಾ ಕುಡಿದು ಬಂದಿದ್ದೆ. ಈಗ ದಿನಾ ಪ್ರಾರ್ಥನೆಯ ಕೊನೆಗೆ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಅವತ್ತು ಮಸ್ಕಿಯಲ್ಲಿ ನಾನು ಹೇಳಿದ್ದನ್ನು ದಯವಿಟ್ಟು ಸುಳ್ಳು ಮಾಡಬೇಡ ಎಂದು. ಕನ್ನಡದಲ್ಲೇ ಕೇಳುತ್ತೇನೆ. ನನಗೆ ಬೇರೆ ಯಾವ ಭಾಷೆಯೂ ಬರಲಿಲ್ಲ.