ಕೆಳಗೆ ಕೈ ಹೋಗುವಷ್ಟು ಜಾಗ

ದೇವರು ಈ ಭೂಮಿಯನ್ನು ಸೃಷ್ಟಿಸುವ ಮುಂಚೆ ನಮ್ಮ ಸೋದರಮಾವನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ಮಾವ ಹಣೆ ಹಣೆ ಚಚ್ಚಿಕೊಂಡು, "ಅಲ್ರೀ ಸ್ವಾಮಿ, ಇಷ್ಟು ದೊಡ್ಡ ಮಾಲು ಮಾಡೀರಿ, ಕೆಳಗೆ ಎರಡು ಕಟ್ಟಿಗೆ ಕೊಟ್ಟಿಲ್ಲಲ್ರಿ! ನಾಳೆ ಯಾರಾದ್ರೂ ಎತ್ತಿಡಬೇಕಂದ್ರೆ ಎಲ್ಲಿ ಹಿಡೀಬೇಕು?" ಎಂದು ಅವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅತಿಯಾಯಿತು ಅಂತೀರಾ? ನೀವು ನಮ್ಮ ಮಾವನನ್ನು ನೋಡಿಲ್ಲ, ಬಿಡಿ.

ಮಾವ ಹರಿಹರದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವರು. ಅಲ್ಲಿ ಉಕ್ಕಿನ ತಗಡನ್ನು ಅಳತೆಗೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ಊರೂರಿಗೆ ಕಳಿಸುತ್ತಾರೆ. ಪೇರಿಸಿದ ತಗಡು ಅಂದರೆ ಸುಮ್ಮನೆ ಅಲ್ಲ, ಒಂದೊಂದು ಅಟ್ಟಿಯೂ ಒಂದೊಂದು ಎಮ್ಮೆಗಿಂತ ಭಾರ. ಅದನ್ನು ಫೋರ್ಕ್‌ಲಿಫ್ಟ್ ಬಂದು ಎತ್ತಬೇಕು. ಅದರ ಎರಡು ಕಬ್ಬಿಣದ ತೋಳು ತೂರಲು ಅಡಿಯಲ್ಲಿ ಜಾಗ ಬೇಕು. ಹಾಗಾಗಿ ಮಾವ ಅಡಿಗೆ ದಪ್ಪ ಕಟ್ಟಿಗೆ ಕೊಟ್ಟು, ತಗಡು ತಗಡಿನ ನಡುವೆ ಎಣ್ಣೆ ಕಾಗದ ಹಾಕಿ, ಅಂಚು ನಜ್ಜಾಗದಂತೆ ರಟ್ಟಿನ ಮೂಲೆ ಕೂರಿಸಿ, ಸುತ್ತ ಉಕ್ಕಿನ ಪಟ್ಟಿ ಬಿಗಿಯುತ್ತಿದ್ದರು. ಕೊನೆಗೊಂದು ಚೀಟಿ. ಅದರ ಮೇಲೆ ಒಟ್ಟು ತೂಕ, ಎಲ್ಲಿ ಹಿಡಿದು ಎತ್ತಬೇಕು ಅನ್ನುವುದಕ್ಕೆ ಬಾಣದ ಗುರುತು. ತೂಕ ಬರೆಯದ ಮಾಲು ಮಾವನ ಕೈಯಿಂದ ಗೇಟು ದಾಟಿದ್ದೇ ಇಲ್ಲ!

"ಇಡೋದು ಏನ್ ದೊಡ್ಡದು ಪುಟ್ಟಿ, ಯಾರು ಬೇಕಾದ್ರೂ ಇಡ್ತಾರೆ. ಆಮೇಲೆ ಎತ್ತೋನು ಒಬ್ಬ ಇರ್ತಾನಲ್ಲ, ಅವನ ಬಗ್ಗೆ ಯೋಚನೆ ಮಾಡಬೇಕು" ಎನ್ನುವುದು ಅವರ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾರೋ ನೆಲಕ್ಕೆ ಅಂಟಿದಂತೆ ಇಟ್ಟಿದ್ದ ತಗಡಿನ ಕೆಳಗೆ ಬೆರಳು ತೂರಿಸಲು ಹೋಗಿ ಎಡಗೈ ಕಿರುಬೆರಳಿನ ಉಗುರು ಕಳೆದುಕೊಂಡಿದ್ದರಂತೆ. ಉಗುರು ಮತ್ತೆ ಬರಲಿಲ್ಲ. ಆವತ್ತಿನಿಂದ ಹಿಡಿದ ಈ ಹುಚ್ಚು ಹೋಗಲೂ ಇಲ್ಲ.

ಹೋದ ವರ್ಷ ಈ ಮಾವನ ನಿವೃತ್ತಿ ಹತ್ತಿರ ಬಂತು. ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಚಿಂತೆ. ಬೀಳ್ಕೊಡುಗೆಗೆ ನಮ್ಮ ಅವ್ವ ಬರುತ್ತಾಳೋ ಇಲ್ಲವೋ? ಅವ್ವ ಮಾವನಿಗೆ ಅಕ್ಕ ಮಾತ್ರ ಅಲ್ಲ. ಮಾವನಿಗೆ ಎರಡು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡರು. ಹದಡಿಯ ಆ ಮನೆಯಲ್ಲಿ ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡೇ ನೀರು ತಂದು, ರೊಟ್ಟಿ ತಟ್ಟಿ ಸಾಕಿದವಳು ಹತ್ತು ವರ್ಷದ ನಮ್ಮ ಅವ್ವ. "ಅಕ್ಕ ಬರಲಿಲ್ಲ ಅಂದ್ರೆ ನಾನು ಶಾಲು ಹೊದಿಸ್ಕೊಳಲ್ಲ. ಯಾರಿಗಾದ್ರೂ ಹೊದಿಸ್ಕೊಳ್ರಿ" ಎಂದು ಮಾವ ಕಾರ್ಖಾನೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಆದರೆ ಅವ್ವ ಮೆಟ್ಟಿಲು ಇಳಿಯುವಂತಿರಲಿಲ್ಲ. ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮದು ಮೊದಲ ಮಹಡಿ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ, ಆಸ್ಪತ್ರೆಯಿಂದ ತಂದಾಗ ನಾಲ್ಕು ಜನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಹಿಡಿಯಲು ಸರಿಯಾದ ಜಾಗವಿಲ್ಲ. ಒಬ್ಬರು ಕಾಲು ಹಿಡಿದರೆ ಇನ್ನೊಬ್ಬರು ಸೆರಗು ಹಿಡಿದರು. ನಡುವೆ ಒಬ್ಬ ಪುಣ್ಯಾತ್ಮ ಕುರ್ಚಿ ಧೊಪ್ಪನೆ ಮೆಟ್ಟಿಲ ಮೇಲೆ ಇಟ್ಟು, "ಉಸ್ಸಪ್ಪಾ! ಏನ್ ಭಾರ ಐತ್ರೀ ಅಜ್ಜಿ!" ಎಂದ. ಅವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಮೇಲೆ ಬಂದು ಮಂಚದ ಮೇಲೆ ಮಲಗಿದ ಮೇಲೆ, "ಇನ್ನ ನನ್ನ ಯಾರೂ ಹೊರಬ್ಯಾಡ್ರಿ. ಕೆಳಗೆ ಹೋಗೋದು ಒಂದೇ ಸಲ, ಅವಾಗ ನಂಗೆ ಗೊತ್ತೂ ಆಗಲ್ಲ" ಎಂದಳು. ಏಳು ತಿಂಗಳಾದರೂ ಬಾಗಿಲ ಆಚೆ ಕಾಲಿಡಲಿಲ್ಲ. ವಾಕರ್ ಹಿಡಿದು ಮನೆಯೊಳಗೇ ನಾಲ್ಕು ಹೆಜ್ಜೆ, ಅಷ್ಟೇ.

ಇರಲಿ, ಆ ಸಂಗತಿಗೆ ಆಮೇಲೆ ಬರುತ್ತೇನೆ. ಮಾವನ ಕೈಚಳಕ ಎಂಥದು ಅಂತ ಗೊತ್ತಾಗದೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಅವ್ವ ನನಗೆ ಐವತ್ತು ಖಡಕ್ ರೊಟ್ಟಿ ಮಾಡಿದಳು. ಬಸ್ಸಿಗೆ ಹಾಕಿ ಕಳಿಸುವ ಜವಾಬ್ದಾರಿ ಮಾವನದು. ಖಡಕ್ ರೊಟ್ಟಿಯನ್ನು ನೋಡಿದ ಕೂಡಲೇ ಮಾವನಿಗೆ ಏನು ನೆನಪಾಗಿರಬೇಕು ಹೇಳಿ? ತಗಡು! ತೆಳು, ಗಟ್ಟಿ, ಅಂಚು ಮುರಿಯುವಂಥದು, ಒಂದರ ಮೇಲೊಂದು ಪೇರಿಸುವಂಥದು. ಇನ್ನು ಕೇಳಬೇಕೆ? ರೊಟ್ಟಿ ರೊಟ್ಟಿಯ ನಡುವೆ ಕಾಗದ, ಸುತ್ತ ರಟ್ಟು, ಅಡಿಗೆ ಎರಡು ಕಟ್ಟಿಗೆ ಪಟ್ಟಿ, ಉದ್ದಕ್ಕೊಂದು ಅಡ್ಡಕ್ಕೊಂದು ಉಕ್ಕಿನ ಪಟ್ಟಿ. ಮೇಲೆ ಚೀಟಿ: "ಒಟ್ಟು ತೂಕ 5 ಕೆಜಿ 300 ಗ್ರಾಂ. ಮೇಲೆ ಏನೂ ಇಡಬಾರದು. ಎತ್ತುವ ಜಾಗ ಇಲ್ಲಿ." ಐವತ್ತರಲ್ಲಿ ಒಂದೂ ಮುರಿದಿರಲಿಲ್ಲ. ಮುರಿದಿರಲಿಲ್ಲ ಅಂತ ಗೊತ್ತಾಗಿದ್ದು ಮಾತ್ರ ಎರಡು ದಿನ ಬಿಟ್ಟು! ಆ ಉಕ್ಕಿನ ಪಟ್ಟಿ ಕತ್ತರಿಗೆ ಬಗ್ಗಲಿಲ್ಲ, ಚಾಕುವಿಗೆ ಜಗ್ಗಲಿಲ್ಲ. ಕೊನೆಗೆ ಹಾಸ್ಟೆಲ್ ಎದುರಿನ ವೆಲ್ಡಿಂಗ್ ಅಂಗಡಿಯವನು ಬಂದು ಪಟ್ಟಿ ಕತ್ತರಿಸಿಕೊಟ್ಟ. ಕೂಲಿ ಬೇಡವೆಂದು ಆರು ರೊಟ್ಟಿ ತೆಗೆದುಕೊಂಡು ಹೋಗುವಾಗ, "ಒಳಗ ಬಂಗಾರ ಐತಿ ಅಂದ್ಕೊಂಡಿದ್ನಿ ಬಿಡ್ರಿ ಅಕ್ಕಾರ" ಎಂದ.

ಇನ್ನೊಂದು, ನಮ್ಮ ಚಿಕ್ಕಪ್ಪನ ಮಗಳ ಮದುವೆಯದು. ಹುಡುಗಿಗೆ ಕೊಟ್ಟ ಬೀರುವನ್ನು ಟೆಂಪೋಗೆ ಹಾಕಿದ್ದಾರೆ, ಹುಡುಗಿ ಅಳುತ್ತಿದ್ದಾಳೆ, ಬೀಗರು ಹೊರಡಲು ನಿಂತಿದ್ದಾರೆ. ಮಾವ ಟೆಂಪೋ ಮುಂದೆ ಕೈ ಅಡ್ಡ ಹಿಡಿದು ನಿಂತರು.

"ಬೀರು ಇಳಿಸ್ರಿ."

ಎಲ್ಲರ ಮುಖ ಬಿಳುಪೇರಿತು. ಕೊಟ್ಟಿದ್ದನ್ನು ವಾಪಸ್ ಕೇಳುತ್ತಿದ್ದಾರೆಯೇ? ಬೀಗರ ಹಿರಿಯರು, "ಯಾಕ್ರೀ, ಏನಾತು?" ಎಂದರು.

"ಕೆಳಗೆ ಕೈ ಹೋಗಲ್ರಿ. ನಿಮ್ಮೂರಾಗೆ ಇಳಿಸೋರ ಬೆರಳು ಏನಾಗಬೇಕು?"

ಅಷ್ಟೇ ಹೇಳಿ ಮಾವ ಮದುವೆ ಹಂದರದಿಂದ ಎರಡು ಬಿದಿರು ಗಳ ಕಿತ್ತು, ತುಂಡು ಮಾಡಿ, ಬೀರುವಿನ ಕೆಳಗೆ ಕೊಟ್ಟು ಕಟ್ಟಿಸಿದರು. ಇತ್ತ ಹಂದರದ ಒಂದು ಮೂಲೆ ಮೆಲ್ಲಗೆ ಕುಸಿದು ಬೀಗಿತಿಯರ ತಲೆ ಮೇಲೆ ಕೂತಿತು, ಆ ಮಾತು ಬೇರೆ! ಎಂಟು ದಿನ ಬಿಟ್ಟು ಬೀಗರ ಫೋನು: "ಆ ಎರಡು ಗಳಕ್ಕೆ ಅರಿಶಿನ ಕುಂಕುಮ ಹಚ್ಚಿ ಇಟ್ಟೀವ್ರಿ. ನಿಮ್ಮ ಪದ್ಧತಿ ಪ್ರಕಾರ ಎಷ್ಟು ದಿನ ಇಟ್ಕೋಬೇಕು?" ನಮ್ಮ ಚಿಕ್ಕಪ್ಪ ಏನು ಹೇಳಬೇಕು ಪಾಪ? "ಒಂದು ವರ್ಷ ಇರಲಿ ಬಿಡ್ರಿ" ಅಂದರು. ಈಗ ಆ ಮನೆಯಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಬೀರು ಕೊಡುವಾಗಲೂ ಎರಡು ಬಿದಿರು ಕೊಡುತ್ತಾರಂತೆ. ನಮ್ಮ ಮಾವನಿಂದ ಒಂದು ಸಂಪ್ರದಾಯವೇ ಹುಟ್ಟಿಬಿಟ್ಟಿತು.

ಇಂಥ ಮಾವ, ನಿವೃತ್ತಿಗೆ ಹದಿನೈದು ದಿನವಿರುವಾಗ ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದು ನಮ್ಮ ಮನೆಗೆ ಬಂದರು. ಉಪ್ಪಿಟ್ಟು ಕೊಟ್ಟರೆ ಮುಟ್ಟಲಿಲ್ಲ. ಮೆಟ್ಟಿಲಿನ ಅಗಲ ಅಳೆದರು, ತಿರುವು ಅಳೆದರು, ಕಂಬಿಯ ಎತ್ತರ ಅಳೆದರು. ಆಮೇಲೆ ಅವ್ವನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರು.

"ಅಕ್ಕಾ, ಅರವತ್ತೆಂಟು ಕೆಜಿ ಇದೀಯ ಅಲ್ವಾ?"

"ಏನೋ ನೀನು! ನಾನೇನು ನಿನ್ನ ತಗಡಾ?"

"ತಗಡಿಗೆ ಇಷ್ಟು ಬಾಯಿ ಇರಲ್ಲ ಬಿಡು."

"ನಾನು ಬರಲ್ಲ ತಮ್ಮ. ಶಾಲು ಹೊದಿಸ್ಕೊಂಡು ಸೀದ ಇಲ್ಲಿಗೇ ಬಾ, ನೋಡ್ತೀನಿ. ಮತ್ತೆ ನಾಲ್ಕು ಜನರ ಕೈಲಿ ಉಸ್ ಅನ್ನಿಸ್ಕೊಳಾಕೆ ನನ್ನ ಕೈಲಿ ಆಗಲ್ಲ."

ಮಾವ ಟೇಪು ಸುತ್ತಿಕೊಂಡು ಹೊರಟುಹೋದರು. ನನಗೆ ಮಾವನ ಮೇಲೆ ಸಿಟ್ಟು ಬಂತು. ಹೆತ್ತವಳಂಥ ಅಕ್ಕನ ತೂಕ ಕೇಳುವುದೇ? ಬುದ್ಧಿ ಬೇಡವೇ ಮನುಷ್ಯನಿಗೆ?

ಮುಂದಿನ ಭಾನುವಾರ ಒಂದು ಕುರ್ಚಿಯೊಂದಿಗೆ ಬಂದರು. ಹದಡಿ ಮನೆಯ ಹಳೇ ಕೈಕುರ್ಚಿ. ಅದರ ಅಡಿಗೆ ಹಿಂದೆ ಮುಂದೆ ಚಾಚಿಕೊಂಡ ಎರಡು ಉದ್ದ ಕಟ್ಟಿಗೆ, ನಾಲ್ಕು ತುದಿಗೂ ಕೈಗೆ ಒತ್ತದಂತೆ ಸುತ್ತಿದ ಬಟ್ಟೆ. ಬಿಗಿಯಲು ಉಕ್ಕಿನ ಪಟ್ಟಿ ಅಲ್ಲ, ಅವ್ವನದೇ ಹಳೇ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಸಿದ ನಡುಪಟ್ಟಿ. ಜೊತೆಗೆ ಕಾರ್ಖಾನೆಯ ಫೋರ್ಕ್‌ಲಿಫ್ಟ್ ಡ್ರೈವರನ್ನೂ ಎಳೆದು ತಂದಿದ್ದರು. ಆ ಮನುಷ್ಯ ತಲೆ ಕೆರೆಯುತ್ತ, "ಇಪ್ಪತ್ತು ವರ್ಷ ಕೂತ್ಕೊಂಡೇ ಎತ್ತೀನ್ರಿ ಅಮ್ಮಾರೆ. ಇವತ್ತು ನಿಂತ್ಕೊಂಡು ಎತ್ತು ಅಂತಾರೆ ಈ ಸಾಹೇಬ್ರು!" ಎಂದರು. ಇವರಿಬ್ಬರು, ನಮ್ಮ ಮನೆಯವರು, ಕೆಳಗಿನ ಮನೆಯ ಬಾಡಿಗೆಯವರು, ಒಟ್ಟು ನಾಲ್ಕು ಜನ.

ಮೊದಲು ಕುರ್ಚಿಗೆ ಅಕ್ಕಿ ಮೂಟೆ, ಅದರ ಮೇಲೆ ಜೋಳದ ಚೀಲ ಕಟ್ಟಿ, ಅರವತ್ತೆಂಟು ಕೆಜಿ ಮಾಡಿ, ನಾಲ್ಕು ಸಲ ಇಳಿಸಿ ಹತ್ತಿಸಿದರು. ಬೀದಿಯವರೆಲ್ಲ ನೆರೆದರು. "ಅಕ್ಕಿ ಮಾರ್ತೀರೇನ್ರಿ?" ಎಂದು ಒಬ್ಬಾಕೆ ಚೀಲ ಹಿಡಿದೇ ಬಂದಳು! ಆಮೇಲೆ ಮಾವ, "ಈಗ ನನ್ನ ಇಳಿಸ್ರಿ" ಎಂದು ತಾವೇ ಕುರ್ಚಿಯಲ್ಲಿ ಕೂತರು. ಅವರ ಜಾಗದಲ್ಲಿ ನಾನು ಹಿಡಿದೆ. ಅವ್ವ ವಾಕರ್ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೂರನೇ ಮೆಟ್ಟಿಲಿಗೇ ಮಾವನ ಮಾತು ನಿಂತಿತು. ತಿರುವಿಗೆ ಬರುವಷ್ಟರಲ್ಲಿ ಕುರ್ಚಿಯ ಕೈ ಗಟ್ಟಿ ಹಿಡಿದು ಕಣ್ಣು ಮುಚ್ಚಿದ್ದರು. ಕೆಳಗೆ ಇಳಿಸಿದ ಮೇಲೂ ಎದ್ದೇಳಲಿಲ್ಲ.

"ಏನಾತು ಮಾವ?"

"ಮೂವತ್ತಾರು ವರ್ಷ ಎತ್ತೋನ ಕಡೆಯಿಂದ ನೋಡೀನಿ ಪುಟ್ಟಿ. ಮಾಲಿನ ಕಡೆಯಿಂದ ಒಂದಿನಾನೂ ಕೂತು ನೋಡಿರಲಿಲ್ಲ. ಆಳ ಕಾಣ್ತೈತೆ. ಎದೆ ಝಲ್ ಅಂತೈತೆ. ತಗಡಿಗೆ ಹೆದರಿಕೆ ಇಲ್ಲ, ಅಕ್ಕಂಗೆ ಐತೆ."

ಮೇಲೆ ಬಂದವರೇ ಕುರ್ಚಿ ತಿರುಗಿಸಿಟ್ಟರು. ಇಳಿಯುವಾಗ ಅಕ್ಕನ ಬೆನ್ನು ಕೆಳಗಿನ ಕಡೆಗಿರಬೇಕು, ಮುಖ ಮೇಲಕ್ಕೆ. ಮೇಲಿನ ತುದಿ ಹಿಡಿಯುವವರು ತಾವೇ. ಅವಳಿಗೆ ಮೆಟ್ಟಿಲು ಕಾಣಬಾರದು, ತಮ್ಮನ ಮುಖ ಕಾಣಬೇಕು.

ಅವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಏಳು ತಿಂಗಳಿಂದ ಆ ನಗು ನಾವು ಕಂಡಿರಲಿಲ್ಲ. "ಅರವತ್ತು ವರ್ಷದ ಕತ್ತೆ, ಹೆಂಗೆ ಕಣ್ಣು ಮುಚ್ಕೊಂಡಿದ್ದ ನೋಡೇ! ಸಣ್ಣವನಿದ್ದಾಗ ಬಾವಿ ಕಟ್ಟೆ ಹತ್ರ ಹೋದ್ರೆ ಹಿಂಗೇ ಮಾಡ್ತಿದ್ದ" ಎಂದಳು. ನಗು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, "ಆತು, ಬರ್ತೀನಿ. ಆದ್ರೆ ಯಾರಾದ್ರೂ ಉಸ್ ಅಂದ್ರೆ ಅಲ್ಲೇ ಇಳಿದುಬಿಡ್ತೀನಿ ನೋಡ್ರಿ!" ಎಂದು ಕರಾರು ಹಾಕಿದಳು.

ನಿವೃತ್ತಿಯ ದಿನ ಬಂತು. ಅವ್ವ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಳು. ನಾಲ್ವರೂ ಹಿಡಿದರು. ಯಾರೂ ಉಸಿರು ಬಿಡುವಂತಿಲ್ಲ! ನಮ್ಮ ಮನೆಯವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಡ್ರೈವರ್ ಹಲ್ಲು ಕಚ್ಚಿ ಮೆಟ್ಟಿಲು ಎಣಿಸಿದರು. ಮಾವ ಮಾತ್ರ ಅಕ್ಕನ ಕಣ್ಣಿನಿಂದ ಕಣ್ಣು ಕೀಳದೆ, "ನನ್ನೇ ನೋಡಕ್ಕ, ನನ್ನೇ ನೋಡು" ಎನ್ನುತ್ತ ಹೆಜ್ಜೆ ಹೆಜ್ಜೆಗೆ ಇಳಿದರು. ಹದಿನೆಂಟು ಮೆಟ್ಟಿಲು. ಕುರ್ಚಿ ನೆಲಕ್ಕೆ ತಾಗಿದ್ದು ಗೊತ್ತೇ ಆಗಲಿಲ್ಲ. ತಾಗಿದ ಮರುಕ್ಷಣ ಮೂವರು ಗೇಟಿನಾಚೆ ಓಡಿಹೋದರು. ಬೀದಿಯಿಂದ ಒಟ್ಟಿಗೆ, ಒಂದೇ ದನಿಯಲ್ಲಿ ಕೇಳಿಸಿತು: "ಉಸ್ಸಪ್ಪಾ!" ಅವ್ವ ಕೇಳದವಳಂತೆ ಸೆರಗು ಸರಿಮಾಡಿಕೊಂಡಳು. ಮಾವ ಗೇಟಿನಾಚೆ ಹೋಗಲಿಲ್ಲ. ಅವಳ ಕಾಲ ಬಳಿ ಕೂತು ನಡುಪಟ್ಟಿ ಬಿಚ್ಚುತ್ತಿದ್ದರು.

ಹರಿಹರದಲ್ಲಿ ಅದೇ ಕುರ್ಚಿಯನ್ನು ವೇದಿಕೆಯ ಮೇಲೆ ಇಟ್ಟರು. ಶಾಲು ತಂದಾಗ ಮಾವ ಅದನ್ನು ಅಕ್ಕನ ಕೈಗೆ ಕೊಡಿಸಿ, ಅವಳ ಮುಂದೆ ತಲೆ ಬಗ್ಗಿಸಿ ಕೂತರು. ಅವಳು ಹೊದಿಸಿದಳು. ಪ್ಯಾಕಿಂಗ್ ವಿಭಾಗದವರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಹೊರಡುವಾಗ ಅವ್ವನನ್ನು ಕಾರಿನಲ್ಲಿ ಕೂರಿಸಿ, ಕುರ್ಚಿಯನ್ನು ಟೆಂಪೋಗೆ ಹಾಕುತ್ತಿದ್ದೆವು. ಆಗ ಅದರ ಬೆನ್ನಿಗೆ ಅಂಟಿಸಿದ್ದ ಚೀಟಿ ನನ್ನ ಕಣ್ಣಿಗೆ ಬಿತ್ತು. ಮಾವನದೇ ದುಂಡು ಅಕ್ಷರ. ಎತ್ತುವ ಜಾಗಕ್ಕೆ ನಾಲ್ಕು ಬಾಣ. "ಅಲುಗಾಡಿಸಬಾರದು. ಮೆಲ್ಲಗೆ ಇಳಿಸಬೇಕು." ಅದರ ಕೆಳಗೆ "ಒಟ್ಟು ತೂಕ" ಅಂತ ಬರೆದು ಮುಂದಕ್ಕೆ ಖಾಲಿ ಬಿಟ್ಟಿದ್ದರು.

ನನಗೆ ರೇಗಿಸುವ ಆಸೆ. "ಏನ್ ಮಾವ, ಕೊನೇ ದಿನ ತೂಕ ಬರೆಯೋದೇ ಮರೆತ್ರಾ? ಅರವತ್ತೆಂಟು ಅಂತ ನೀವೇ ಹೇಳಿದ್ರಲ್ಲ!"

ಮಾವ ಉಗುರಿಲ್ಲದ ಆ ಕಿರುಬೆರಳಿನಿಂದ ಚೀಟಿಯ ಎದ್ದ ಮೂಲೆಯನ್ನು ಮೆಲ್ಲಗೆ ಒತ್ತಿ ಅಂಟಿಸಿದರು.

"ಬರೀಬೇಕು ಅಂತ ಪೆನ್ನು ತಗೊಂಡೆ ಪುಟ್ಟಿ. ಅಕ್ಕ ನನ್ನನ್ನ ಕಂಕುಳಾಗೆ ಇಟ್ಕೊಂಡು ಮೂರು ವರ್ಷ ಹದಡಿ ತುಂಬಾ ತಿರುಗಿದಾಳೆ. ಒಂದಿನಾನೂ ಭಾರ ಅಂದೋಳಲ್ಲ. ನಾನು ಹೆಂಗೆ ಬರೀಲಿ?"